ಪದ ಬೇಕು, ಅವಸರ: 'ಸೈಕಲಾಜಿಕಲ್ ಆಪರೇಷನ್ಸ್' ಅನ್ನುವುದಕ್ಕೆ ಕನ್ನಡದಲ್ಲಿ ಏನು?

ದಾವಣಗೆರೆಯಿಂದ:

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ 11ಕ್ಕೆ ಫ್ಲೆಕ್ಸ್ ಅಂಗಡಿಗೆ ಫೈಲ್ ಕೊಡಬೇಕು. ಅದಕ್ಕೇ ಈ ಅವಸರ.

ಇಲ್ಲಿ ಕಾಲೇಜು ಮಕ್ಕಳಿಗಾಗಿ ಒಂದು ಪುಟ್ಟ ಪ್ರದರ್ಶನ ಮಾಡುತ್ತಿದ್ದೇವೆ. ಸೈನ್ಯಗಳು ಗುಂಡು ಹಾರಿಸದೆ ಎದುರಾಳಿಯ ತಲೆಯೊಳಗೆ ಹೇಗೆ ಕೈ ಹಾಕುತ್ತವೆ ಅನ್ನುವುದು ವಿಷಯ. 14 ಫಲಕ. ಒಳಗಿನ ಬರಹ ಎಲ್ಲಾ ಮುಗಿದಿದೆ. ಬಾಗಿಲ ಮೇಲಿನ ದೊಡ್ಡ ತಲೆಬರಹ ಮಾತ್ರ ಬಾಕಿ. ಆರಡಿ ಅಗಲ. ಎರಡು ಪದ, ಬಹಳ ಅಂದರೆ ಮೂರು.

ಪೇಪರಿನವರು 'ಮಾನಸಿಕ ಯುದ್ಧ' ಅನ್ನುತ್ತಾರೆ. ಅದನ್ನೇ ಹಾಕಿದ್ದೆ. ಮಗಳು ಓದಿ, "ಅಮ್ಮಾ, ಇದು ಡಿಪ್ರೆಶನ್ ಬಗ್ಗೆನಾ?" ಅಂದಳು. ಅಲ್ಲಿಗೆ ಅದು ಹೋಯಿತು. 'ಮನೋವೈಜ್ಞಾನಿಕ ಕಾರ್ಯಾಚರಣೆ' ಅಂದರೆ ಹಿಂದಿ ಸರ್ಕಾರಿ ಸುತ್ತೋಲೆ ಓದಿದ ಹಾಗಿದೆ.

ಪದ ಏನೇನನ್ನು ಹೊರಬೇಕು ಅಂತ ಹೇಳಿಬಿಡುತ್ತೇನೆ. 1944ರಲ್ಲಿ ಅಮೆರಿಕದವರು ಯುರೋಪಿಗೆ ಒಂದು 'ದೆವ್ವದ ಸೈನ್ಯ' ಕಳಿಸಿದ್ದರು. ಸುಮಾರು 1,100 ಜನ. ಅದರಲ್ಲಿ ಚಿತ್ರ ಬರೆಯುವವರು, ಸದ್ದಿನ ಕೆಲಸದವರು ಎಲ್ಲಾ ಇದ್ದರು. ಗಾಳಿ ತುಂಬಿದ ರಬ್ಬರ್ ಟ್ಯಾಂಕ್ ನಿಲ್ಲಿಸಿ, ಟ್ಯಾಂಕ್ ಓಡುವ ಸದ್ದನ್ನು ಧ್ವನಿವರ್ಧಕದಲ್ಲಿ ಹಾಕುತ್ತಿದ್ದರು. ಆ ಸದ್ದು 24 ಕಿಲೋಮೀಟರ್ ದೂರಕ್ಕೂ ಕೇಳುತ್ತಿತ್ತಂತೆ. ವಿಯೆಟ್ನಾಂನಲ್ಲಿ ರಾತ್ರಿ ಹೆಲಿಕಾಪ್ಟರಿನಿಂದ ಸತ್ತವರು ಅಳುವ ಹಾಗೆ ನಟಿಸಿದ ಟೇಪ್ ಹಾಕಿದರು. ಮಣ್ಣಾಗದ ಹೆಣದ ಆತ್ಮ ಅಲೆಯುತ್ತದೆ ಅನ್ನುವುದು ಅಲ್ಲಿನವರ ನಂಬಿಕೆ. ಅದನ್ನೇ ಹಿಡಿದುಕೊಂಡರು. ಎಷ್ಟೋ ಸಲ ಕೆಳಗಿನವರು ಹೆದರಿ ಓಡುವ ಬದಲು ಸದ್ದು ಬಂದ ಕಡೆಗೇ ಗುಂಡು ಹಾರಿಸಿದರು, ಅದು ಬೇರೆ ಮಾತು. 1991ರ ಕೊಲ್ಲಿ ಯುದ್ಧದಲ್ಲಿ ಇರಾಕಿ ಸೈನಿಕರ ಮೇಲೆ ಸುಮಾರು 2 ಕೋಟಿ 90 ಲಕ್ಷ ಕರಪತ್ರ ಸುರಿದರು. ಮಾರ್ಚ್ 2022ರಲ್ಲಿ ಉಕ್ರೇನಿನ ಅಧ್ಯಕ್ಷ ಜೆಲೆನ್‌ಸ್ಕಿ "ಆಯುಧ ಕೆಳಗಿಡಿ" ಅನ್ನುವ ಸುಳ್ಳು ವಿಡಿಯೋ ಬಂತು. ಕಂಪ್ಯೂಟರಿನಲ್ಲಿ ಮಾಡಿದ್ದು.

ಇಷ್ಟನ್ನೂ ಹೊರುವ ಒಂದು ಮಾತು ಕೊಡಿ.

ಚಿತ್ರದುರ್ಗದಿಂದ:

ಹೊಸದು ಕಟ್ಟುವ ಮೊದಲು ಹಳೆಯ ಪೆಟ್ಟಿಗೆ ತೆರೆದು ನೋಡುವ ಅಭ್ಯಾಸವೇ ನಮಗೆ ತಪ್ಪಿಹೋಗಿದೆ. ಪದ ಇದೆ. ಉಪಜಾಪ.

ಕೌಟಿಲ್ಯನ ಅರ್ಥಶಾಸ್ತ್ರದ 13ನೆಯ ಅಧಿಕರಣದ ಹೆಸರು ದುರ್ಗಲಂಭೋಪಾಯ. ಕೋಟೆ ವಶಮಾಡಿಕೊಳ್ಳುವ ಉಪಾಯ. ಅದರ ಮೊದಲ ಅಧ್ಯಾಯವೇ ಉಪಜಾಪ. ಮುತ್ತಿಗೆ, ಲಗ್ಗೆ ಎಲ್ಲಾ ಅದರ ಆಮೇಲೆ. 'ಜಪ್' ಧಾತುವಿಗೆ ಪಿಸುಗುಟ್ಟು ಅನ್ನುವ ಅರ್ಥ. 'ಉಪ' ಅಂದರೆ ಹತ್ತಿರ. ಕಿವಿಯ ಹತ್ತಿರ ಪಿಸುಗುಟ್ಟುವುದು. ರಾಜನಿಗೆ ಎಲ್ಲವೂ ಗೊತ್ತು, ದೇವರೇ ಅವನ ಜೊತೆ ಮಾತಾಡುತ್ತಾನೆ ಎಂದು ಸಾರಬೇಕು. ತನ್ನ ಕಡೆಯವರು ಹುರುಪಾಗಬೇಕು, ಆ ಕಡೆಯವರು ನಡುಗಬೇಕು. ಅದಕ್ಕೆ ಸುರಂಗದಿಂದ ಬಂದು ದೇವರ ಮೂರ್ತಿಯೊಳಗೆ ಕೂತ ಗೂಢಚಾರನ ಜೊತೆ ರಾಜ ಎಲ್ಲರೆದುರು ಮಾತಾಡುವ ಏರ್ಪಾಡು. ನಿಮ್ಮ ಧ್ವನಿವರ್ಧಕ, ಸುಳ್ಳು ವಿಡಿಯೋ ಎಲ್ಲಾ ಅಲ್ಲೇ ಇವೆ. ವಿದ್ಯುತ್ ಒಂದು ಇರಲಿಲ್ಲ, ಅಷ್ಟೇ.

ಈ ಗ್ರಂಥದ ಓಲೆ ಸಿಕ್ಕಿದ್ದು, 1909ರಲ್ಲಿ ಅಚ್ಚಾದದ್ದು ನಮ್ಮ ಮೈಸೂರಿನಲ್ಲಿ. ಆದರೂ ನಾವು ಇಂಗ್ಲಿಷ್ ಪದ ಹಿಡಿದುಕೊಂಡು ಅದಕ್ಕೆ ಕನ್ನಡ ಹುಡುಕುತ್ತೇವೆ.

ಚಳ್ಳಕೆರೆಯಿಂದ:

ಉಪಜಾಪ ಅಂತ ಆರಡಿ ಬರೆದರೆ ಮಕ್ಕಳು ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ.

ಕನ್ನಡದಲ್ಲಿ 'ಬಗೆ' ಇದೆ. ಮನಸ್ಸು, ಎಣಿಕೆ, ತಿಳಿವು ಎಲ್ಲಾ ಅದರ ಅರ್ತ. ಕಾಳಗ ಇದೆ. ಬಗೆಗಾಳಗ. ಮುಗಿಯಿತು. ಸಂಸ್ಕ್ರುತದ ಹಂಗು ಬೇಡ.

ಹರಿಹರದಿಂದ:

ಭೇದ. ಸಾಮ, ದಾನ, ಭೇದ, ದಂಡ. ಮೂರನೆಯದು. ಇದಕ್ಕೂ ಚರ್ಚೆಯೇ?

ದಾವಣಗೆರೆಯಿಂದ:

ಹರಿಹರದವರೇ, ಆರಡಿ ಫ್ಲೆಕ್ಸಿನ ಮೇಲೆ 'ಭೇದ' ಅಂತ ಬರೆದರೆ ರಾತ್ರಿ ಯಾರಾದರೂ ಬಂದು 'ದ' ಮೇಲೆ ಗುಡಿಸು ಎಳೆದು ಹೋಗುತ್ತಾರೆ. ಕಾಲೇಜು ಹುಡುಗರು, ಗೊತ್ತಲ್ಲ.

ಬಗೆಗಾಳಗ ಕಿವಿಗೆ ಚೆನ್ನಾಗಿದೆ. ಆದರೆ ಇವತ್ತು 'ಬಗೆ' ಅಂದರೆ ಯಾರಿಗಾದರೂ ಮನಸ್ಸು ನೆನಪಾಗುತ್ತದೆಯಾ? ಬಗೆಬಗೆಯ ತಿಂಡಿ ನೆನಪಾಗುತ್ತದೆ. ನಮ್ಮೂರಲ್ಲಂತೂ.

ಹಿರಿಯೂರಿನಿಂದ:

ನಾನು ಫೌಜಿನಲ್ಲಿ ಇದ್ದು ಬಂದವನು. ವ್ಯಾಕರಣ ಗೊತ್ತಿಲ್ಲ. ಅಲ್ಲಿ ನಾವು ಸುಮ್ನೆ 'ಸೈ ಆಪ್ಸ್' ಅನ್ನುತ್ತಿದ್ದೆವು, ಎಲ್ಲರಿಗೂ ಅರ್ಥವಾಗುತ್ತಿತ್ತು.

ಒಂದು ಮಾತು ಮಾತ್ರ. ನೀವು ಬೇರೆ ಬೇರೆ ಕೆಲಸಗಳನ್ನು ಒಂದೇ ಚೀಲಕ್ಕೆ ತುಂಬುತ್ತಿದ್ದೀರಿ. ರಬ್ಬರ್ ಟ್ಯಾಂಕ್ ಸಾಮಾನ್ಯ ಸಿಪಾಯಿಗಾಗಿ ಅಲ್ಲ. ಆ ಕಡೆಯ ಸೇನಾಪತಿಗಾಗಿ. ಅವನು ಹೆದರಬೇಕಾಗಿಲ್ಲ. ತಪ್ಪು ಲೆಕ್ಕ ಹಾಕಬೇಕು, ದಂಡನ್ನು ತಪ್ಪು ಜಾಗದಲ್ಲಿ ನಿಲ್ಲಿಸಬೇಕು. ಅದು ಕಣ್ಕಟ್ಟು. ಕರಪತ್ರ ಹೋಗುವುದು ಹಳ್ಳದಲ್ಲಿ ಕೂತ, ಮೂರು ದಿನದಿಂದ ಊಟ ಕಾಣದ ಸಿಪಾಯಿಗೆ. ಅವನ ಎದೆ ಕೆಡಬೇಕು. ಈಚೆಗೆ ನೇಟೊದವರು ಹೇಳುವ 'ಕಾಗ್ನಿಟಿವ್ ವಾರ್‌ಫೇರ್' ಇನ್ನೂ ಬೇರೆ. ಅದರಲ್ಲಿ ಒಂದು ಸುಳ್ಳನ್ನು ನಂಬಿಸುವುದಷ್ಟೇ ಗುರಿಯಲ್ಲ. ಊರಿಗೆ ಊರೇ ಯಾವುದನ್ನೂ ನಂಬದ ಹಾಗೆ ಆಗಬೇಕು. ಸರ್ಕಾರ ಹೇಳಿದರೂ ಅನುಮಾನ, ಪಕ್ಕದ ಮನೆಯವನು ಹೇಳಿದರೂ ಅನುಮಾನ. ಅದಕ್ಕೆ ವಿಮಾನ ಬೇಡ. ಎಲ್ಲರ ಜೇಬಿನಲ್ಲೂ ಫೋನ್ ಇದೆ.

ಒಂದೇ ಏಟಿಗೆ ಎರಡೂ ಕೆಲಸ ಆಗುವುದುಂಟು. 1971ರ ಬಾಂಗ್ಲಾದೇಶ ಯುದ್ಧದಲ್ಲಿ, ಡಿಸೆಂಬರ್ 11ರಂದು, ಟಂಗೈಲ್‌ನಲ್ಲಿ ನಮ್ಮವರು ಪ್ಯಾರಾಚೂಟ್‌ನಲ್ಲಿ ಇಳಿದರು. ಇಳಿದದ್ದು ಒಂದು ಬೆಟಾಲಿಯನ್. ಹೊರದೇಶದ ಪೇಪರುಗಳಲ್ಲಿ ಒಂದು ಇಡೀ ಬ್ರಿಗೇಡ್ ಎಂದು ಬಂತು. ಢಾಕಾದಲ್ಲಿ ಕೂತ ಪಾಕಿಸ್ತಾನಿ ಸೇನೆಯವರ ಎದೆ ಇನ್ನಷ್ಟು ಕುಸಿಯಿತು. ಅದೇ ಹೊತ್ತಿಗೆ ನಮ್ಮ ಸೇನಾ ಮುಖ್ಯಸ್ಥ ಮಾಣೆಕ್‌ಷಾ ಅವರ "ಶರಣಾಗಿ, ನಿಮಗೆ ಗೌರವದ ನಡವಳಿಕೆ ಸಿಗುತ್ತದೆ" ಅನ್ನುವ ಸಂದೇಶ ರೇಡಿಯೋದಲ್ಲಿ, ಕರಪತ್ರಗಳಲ್ಲಿ ಹೋಗುತ್ತಲೇ ಇತ್ತು. ಡಿಸೆಂಬರ್ 16ಕ್ಕೆ ಸುಮಾರು 93,000 ಜನ ಶರಣಾದರು. ಕರಪತ್ರದಿಂದಲೇ ಗೆದ್ದೆವು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸುತ್ತ ಸೈನ್ಯ ನಿಂತಿದ್ದಕ್ಕೇ ಕಾಗದಕ್ಕೆ ತೂಕ ಬಂತು.

ಚಳ್ಳಕೆರೆಯಿಂದ:

ನೋಡಿ, ಸಿಪಾಯಿಯ ಬಾಯಲ್ಲೇ ಕನ್ನಡ ಬಂತು. ಕಣ್ಕಟ್ಟು. ಎದೆ ಕೆಡಬೇಕು. ಎದೆಗೆಡಿಸು ಅನ್ನುವ ಎಸಕಪದ (ಕ್ರಿಯಾಪದ) ಹಳೆಗನ್ನಡದಿಂದಲೂ ಇದೆ. 'ಎದೆಗೆಡಿಸುವ ಕಾಳಗ' ಅಂತ ಹಾಕಿ. ದುರ್ಗದವರ ಓಲೆ ದುರ್ಗದಲ್ಲೇ ಇರಲಿ.

ಚಿತ್ರದುರ್ಗದಿಂದ:

ಮಹಾಪ್ರಾಣ ನಿಮ್ಮ ಕೀಬೋರ್ಡಿನಲ್ಲಿ ಇಲ್ಲವೋ, ನೀವೇ ಕಿತ್ತು ಎಸೆದಿರೋ? 'ಅರ್ತ' ಎಂದು ಬರೆಯುವವರಿಂದ ನಾನು ಪದದ ಅರ್ಥ ಕಲಿಯಬೇಕಾಗಿಲ್ಲ.

ಎದೆಗೆಡಿಸು ಸಾಲದು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನಿಕರಿಗೆ ಎಸೆದ ಒಂದು ಚೀಟಿ ಇದೆ. ಅದರಲ್ಲಿ ಬೆದರಿಕೆಯೇ ಇಲ್ಲ. ಮುದ್ರೆ, ಅಂಚಿನ ಕೆತ್ತನೆ, ಕೆಳಗೆ ಅಮೆರಿಕದ ಸೇನಾಪತಿ ಐಸೆನ್‌ಹೋವರ್ ಸಹಿ. ಸರ್ಕಾರಿ ದಸ್ತಾವೇಜಿನ ಹಾಗೆ. ಈ ಚೀಟಿ ಹಿಡಿದು ಶರಣಾಗಲು ಬಂದವನನ್ನು ಚೆನ್ನಾಗಿ ನೋಡಿಕೊಳ್ಳಿ ಅಂತ ಬರಹ. ಮುದ್ರೆ, ಸಹಿ ಕಂಡರೆ ಜರ್ಮನ್ನರು ನಂಬುತ್ತಾರೆ ಅನ್ನುವ ಲೆಕ್ಕ ಹಾಕಿಯೇ ಮಾಡಿದ್ದು. ಇದು ಎದೆಗೆಡಿಸುವುದೇ? ಒಲಿಸುವುದು. ಉಪಜಾಪದಲ್ಲಿ ಎರಡೂ ಇದೆ.

ಜಗಳೂರಿನಿಂದ:

ಎರಡೂ ಕಡೆಯವರು ಕನ್ನಡಿಗರ ನಾಲಿಗೆಯ ಮೇಲೇ ಇರುವ ಒಂದು ಪದ ಮರೆತಿದ್ದೀರಿ. ತೇಜೋವಧೆ.

ನಗಬೇಡಿ. ಈಗ ಪೇಪರಿನಲ್ಲಿ ತೇಜೋವಧೆ ಅಂದರೆ ಮಾನಹಾನಿ. ಒಬ್ಬ ರಾಜಕಾರಣಿ ಇನ್ನೊಬ್ಬನಿಗೆ ಮಾಡುವಂಥದ್ದು. ಮೂಲದಲ್ಲಿ ಅದು ಯುದ್ಧದ ಮಾತು. ಉದ್ಯೋಗಪರ್ವದಲ್ಲಿ ಶಲ್ಯ ಪಾಂಡವರ ಕಡೆಗೆ ಹೊರಟವನು ದಾರಿಯಲ್ಲಿ ದುರ್ಯೋಧನನ ಉಪಚಾರಕ್ಕೆ ಮರುಳಾಗಿ ಮಾತು ಕೊಟ್ಟುಬಿಡುತ್ತಾನೆ. ಆಮೇಲೆ ಬಂದು ಧರ್ಮರಾಯನಿಗೆ ಹೇಳುತ್ತಾನೆ. ಧರ್ಮರಾಯ ಬೇಡ ಅನ್ನುವುದಿಲ್ಲ. ಹೋಗು, ಕರ್ಣನ ಸಾರಥಿಯಾಗುವ ಹೊತ್ತು ಬರುತ್ತದೆ, ಆಗ ಅವನ ತೇಜೋವಧೆ ಮಾಡು ಅನ್ನುತ್ತಾನೆ. ಇದೇ ಪದ. ಕರ್ಣನ ಮರ್ಯಾದೆ ತೆಗೆಯುವುದು ಇದರ ಗುರಿಯಲ್ಲ. ಬಿಲ್ಲು ಎತ್ತುವ ಹೊತ್ತಿಗೆ ಅವನೊಳಗಿನ ಕೆಚ್ಚು ಆರಿಸುವುದು. ರಥದ ಮೇಲೇ ಕೂತು, ಅವನ ಕುದುರೆಯನ್ನೇ ಓಡಿಸುತ್ತಾ. ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ಸೈನ್ಯದ ಕೈಪಿಡಿಯಲ್ಲಿದೆ?

ಅರ್ಥ ಜಾರಿಹೋಗಿದೆ, ಒಪ್ಪುತ್ತೇನೆ. ವಾಪಸ್ ಎಳೆದು ತರೋಣ ಅನ್ನುತ್ತೇನೆ.

ಹರಿಹರದಿಂದ:

ನಾಳೆ 11 ಗಂಟೆಯೊಳಗೆ ಎಳೆದು ತರಬೇಕಲ್ಲ.

ಚಳ್ಳಕೆರೆಯಿಂದ:

ಮತ್ತೆ ಸಂಸ್ಕ್ರುತ. ಯಾರಿಗೂ ಗೊತ್ತಿಲ್ಲದ ಅರ್ತವನ್ನು ಮಕ್ಕಳ ತಲೆಗೆ ತುರುಕುವುದು. ಇದೇ ನಿಮ್ಮ ಸೈ ಆಪ್ಸ್.

ಚಿತ್ರದುರ್ಗದಿಂದ ಇನ್ನೊಬ್ಬರು:

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಚಳ್ಳಕೆರೆಯವರೇ, ನಿಮ್ಮ ತಾಲ್ಲೂಕಿನಲ್ಲೇ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಡ್ರೋನ್ ಹಾರಿಸಿ ನೋಡುವ ಜಾಗ ಇದೆ. ಅಲ್ಲಿನ ಕುರಿ ಕಾಯುವವರು ಆಕಾಶ ನೋಡಿ ಏನನ್ನುತ್ತಾರೆ? ಡ್ರೋನ್ ಅನ್ನುತ್ತಾರೆ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಈ ಕಡೆ ನಮ್ಮ ಕೋಟೆ ಹತ್ತಿ ಬನ್ನಿ. ಏಳು ಸುತ್ತು ದಾಟಿ ಮೇಲೆ ಹೋದರೆ ಸಿಗುವ ಬುರುಜಿಗೆ ಬತೇರಿ ಅನ್ನುತ್ತೇವೆ. ಎಲ್ಲಿಂದ ಬಂತು? ತೋಪು ಸಾಲಾಗಿ ನಿಲ್ಲಿಸುವ 'ಬ್ಯಾಟರಿ'ಯ ಮನೆತನದ ಪದ ಅದು. ತೋಪು ತುರ್ಕಿಯದು. ಬಂದೂಕು, ಸಿಪಾಯಿ, ಫೌಜು ಯಾವುದೂ ನಮ್ಮ ಮಣ್ಣಿನದಲ್ಲ. ಹೈದರನ ಮುತ್ತಿಗೆಯ ಕಥೆಯನ್ನು ಈ ಪದಗಳಿಲ್ಲದೆ ಹೇಳಿ ನೋಡೋಣ. ಓಬವ್ವನ ಒನಕೆ ಒಂದೇ ಕನ್ನಡದ್ದು ಉಳಿಯುತ್ತದೆ. ಯುದ್ಧದ ಸಾಮಾನು ಯಾವ ಕಡೆಯಿಂದ ಬಂತೋ ಅದರ ಹೆಸರೂ ಆ ಕಡೆಯಿಂದಲೇ ಬಂದಿದೆ. ಸೈ ಆಪ್ಸ್ ಅಂತಲೇ ಹಾಕಿ.

ಚಳ್ಳಕೆರೆಯಿಂದ:

ಸಾಮಾನಿಗೆ ಹೊರಗಿನ ಹೆಸರು ಇರಲಿ, ಬೇಡ ಅಂದವರು ಯಾರು? ಹೆದರಿಕೆ ಹೊರಗಿನಿಂದ ಬಂದದ್ದಲ್ಲ. ಹೆದರಿಸುವುದಕ್ಕೆ ನಮ್ಮ ಮಾತೇ ಬೇಕು.

ಹಿರಿಯೂರಿನಿಂದ:

ಸೈ ಆಪ್ಸ್ ಅಂದರೂ ಗಟ್ಟಿ ನೆಲ ಇಲ್ಲ. 2010ರಲ್ಲಿ ಅಮೆರಿಕದವರೇ ಆ ಹೆಸರು ಬಿಟ್ಟು 'ಮಿಲಿಟರಿ ಇನ್‌ಫರ್ಮೇಶನ್ ಸಪೋರ್ಟ್ ಆಪರೇಷನ್ಸ್' ಅಂತ ಇಟ್ಟುಕೊಂಡರು. ಹಳೆಯ ಹೆಸರು ಕೇಳಿದರೆ ಜನರಿಗೆ ಏನೋ ಮೋಸ ಅನ್ನಿಸುತ್ತಿತ್ತು. ಜನರನ್ನು ನಂಬಿಸುವುದೇ ಕೆಲಸವಾದವರಿಗೆ ತಮ್ಮ ಹೆಸರನ್ನೇ ನಂಬಿಸಲು ಆಗಲಿಲ್ಲ. ನಾನು ಮಲಗುತ್ತೇನೆ.

ದಾವಣಗೆರೆಯಿಂದ:

ರಾತ್ರಿ ಒಂದಾಯಿತು. ಎಲ್ಲರಿಗೂ ಥ್ಯಾಂಕ್ಸ್, ಬೈದವರಿಗೂ.

ಊಟದ ಹೊತ್ತಿನಲ್ಲಿ ಅತ್ತೆಯನ್ನು ಕೇಳಿದೆ. ಸೈನ್ಯ ಗೀನ್ಯ ಏನೂ ಹೇಳಲಿಲ್ಲ. ಹೊರಗಿನವರು ಯಾರೋ ಒಂದು ಮನೆಯವರಿಗೆ ಒಂದಿಷ್ಟು ಹೆದರಿಸಿ, ಒಂದಿಷ್ಟು ಪುಸಲಾಯಿಸಿ, ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇಲ್ಲದ ಹಾಗೆ ಮಾಡಿದರೆ ಏನಂತೀರಿ ಅಂದೆ. "ಕಿವಿ ಕಚ್ಚಿ ಮನಸ್ಸು ಮುರಿದರು ಅಂತೀವಿ. ಯಾಕೆ, ಯಾರು ಬಂದಿದ್ದರು?" ಅಂದರು. ಯಾರೂ ಬಂದಿಲ್ಲ ಅಂತ ನಂಬಿಸಲು ಹತ್ತು ನಿಮಿಷ ಹಿಡಿಯಿತು.

ಮನಸ್ಸು ಮುರಿಯುವುದರಲ್ಲಿ ಎಲ್ಲಾ ಇದೆ ಅನ್ನಿಸಿತು. ಧೈರ್ಯ ಹೋಗುವುದೂ ಇದೆ, ತನ್ನವರ ಮೇಲಿನ ವಿಶ್ವಾಸ ಹೋಗುವುದೂ ಇದೆ. ಜರ್ಮನ್ ಸೈನಿಕನ ಚೀಟಿಯೂ ಸೇರುತ್ತದೆ. ರಬ್ಬರ್ ಟ್ಯಾಂಕ್ ಸೇರುವುದಿಲ್ಲ. ಅದನ್ನು ಹಿರಿಯೂರಿನವರು ಹೇಳಿದ ಹಾಗೆ 'ಕಣ್ಕಟ್ಟು' ಅಂತ ಬೇರೆ ಮೂಲೆಗೆ ಇಡುತ್ತೇನೆ. ತೇಜೋವಧೆಗೆ ಒಂದು ಪೂರ್ತಿ ಫಲಕ ಕೊಡುತ್ತೇನೆ, ಜಗಳೂರಿನವರ ಕಥೆ ಸಮೇತ.

ತಲೆಬರಹ: ಮನ ಮುರಿಯುವ ಕಾಳಗ.

ಚಿತ್ರದುರ್ಗದಿಂದ:

ಕಿವಿ ಕಚ್ಚುವುದು ಅಂದರೆ ಉಪಜಾಪವೇ. ನಿಮ್ಮ ಅತ್ತೆಯವರು ನನ್ನ ಪಕ್ಷ. 'ಮನ' ತದ್ಭವ, ಆದ್ದರಿಂದ ಕಾಳಗದ ಜೊತೆ ಇರಬಹುದು. 'ಮನೋಕಾಳಗ' ಎಂದು ಬರೆದಿದ್ದರೆ ಸಂಸ್ಕೃತ, ಕನ್ನಡ ಪದ ಬೆರೆಸಿದ ಅರಿಸಮಾಸ ಆಗುತ್ತಿತ್ತು. ವ್ಯಾಕರಣಕಾರ ಕೇಶಿರಾಜ 13ನೆಯ ಶತಮಾನದಲ್ಲೇ ಎಚ್ಚರಿಸಿದ್ದಾನೆ.

ದಾವಣಗೆರೆಯಿಂದ:

ಫ್ಲೆಕ್ಸ್ ಬಂತು. ಅಂಗಡಿಯ ಹುಡುಗನಿಗೆ ಫಾಂಟ್ ಸರಿಹೊಂದಲಿಲ್ಲವಂತೆ, ತಾನೇ ಮತ್ತೆ ಟೈಪ್ ಮಾಡಿದ್ದಾನೆ. ಬಾಗಿಲ ಮೇಲೆ ಈಗ ಆರಡಿ ಅಗಲ 'ಮನೆ ಮುರಿಯುವ ಕಾಳಗ' ಅಂತ ನೇತಾಡುತ್ತಿದೆ. ಬೆಳಗಿನಿಂದ ನಾಲ್ಕು ಜನ ಬಂದು ಇದು ಆಸ್ತಿ ಜಗಳದ ಶಿಬಿರವಾ ಅಂತ ಕೇಳಿ ಹೋದರು. ಏಣಿ ಹತ್ತಿ ಎತ್ವದ ಮೇಲೆ ಬಿಳಿ ಸ್ಟಿಕ್ಕರ್ ಅಂಟಿಸಿದ್ದೇವೆ. ಗಾಳಿ ಬಂದಾಗ ಏಳುತ್ತದೆ.

ಚಳ್ಳಕೆರೆಯಿಂದ:

ಬಗೆಗಾಳಗ ಅಂತ ಹಾಕಿದ್ದರೆ ಹೀಗಾಗುತ್ತಿರಲಿಲ್ಲ.