ಬಲ ಹೃತ್ಕರ್ಣದಲ್ಲಿ ಗಡ್ಡೆ: ಲಿಂಫೋಮಾ (ಬಿಳಿ ರಕ್ತಕಣದ ಕ್ಯಾನ್ಸರ್) ಅನುಮಾನವಿದ್ದರೆ ಮೊದಲ ಹೆಜ್ಜೆ ಯಾವುದು?

ಮೆಡಿಸಿನ್_ಪಿಜಿ:
ರೋಗಿಯ ವಯಸ್ಸು 60 ದಾಟಿದೆ. ಎಕೋದಲ್ಲಿ ಬಲ ಹೃತ್ಕರ್ಣದಲ್ಲಿ 5 ಸೆಂ.ಮೀ. ಗಡ್ಡೆ, ಹೃದಯದ ಸುತ್ತ ನೀರು. ಇಸಿಜಿಯಲ್ಲಿ ಎವಿ ಬ್ಲಾಕ್ (ಮೇಲಿನ ಕೋಣೆಯ ವಿದ್ಯುತ್ ಸಂಕೇತ ಕೆಳಗಿನದಕ್ಕೆ ಸರಿಯಾಗಿ ತಲುಪದಿರುವುದು), ರಕ್ತದಲ್ಲಿ ಎಲ್‌ಡಿಎಚ್ ಕಿಣ್ವ ಜಾಸ್ತಿ. ಮಿಕ್ಸೋಮಾ (ಕ್ಯಾನ್ಸರ್ ಅಲ್ಲದ ಹೃದಯದ ಗಡ್ಡೆ) ಅಂತ ಸರ್ಜರಿಗೆ ಕಳಿಸುವುದೋ? ಉಸಿರು ಕಟ್ಟುತ್ತಿದೆ, ಸ್ಟೀರಾಯ್ಡ್ ಕೊಡಬಹುದೇ?

ಎಕೋ_ಕೋಣೆ:
ಮಿಕ್ಸೋಮಾ ಹೆಚ್ಚಾಗಿ ಎಡ ಹೃತ್ಕರ್ಣದ್ದು, ತೊಟ್ಟಿನ ಮೇಲೆ ತೂಗಾಡುತ್ತದೆ. ಬಲಗಡೆ, ಅಗಲ ಬುಡ, ಜೊತೆಗೆ ನೀರು ಮತ್ತು ಬ್ಲಾಕ್ ಅಂದರೆ ಲಿಂಫೋಮಾ ಅಥವಾ ಆಂಜಿಯೋಸಾರ್ಕೋಮಾ (ರಕ್ತನಾಳದ ಒಳಪದರದ ಕ್ಯಾನ್ಸರ್) ಎಂದೇ ಮೊದಲು ಯೋಚಿಸಿ.

ಸ್ಟೀರಾಯ್ಡ್ ಈಗ ಬೇಡ. ಲಿಂಫೋಮಾ ಕೋಶಗಳು ಕೆಲವೇ ದಿನಗಳಲ್ಲಿ ಸತ್ತು, ಆಮೇಲೆ ತೆಗೆದ ಬಯಾಪ್ಸಿಯಲ್ಲಿ ಏನೂ ಓದಲಾಗದೇ ಹೋಗಬಹುದು. ನೀರು ತೆಗೆಯಿರಿ; ಉಸಿರೂ ಹಗುರಾಗುತ್ತದೆ, ಸ್ಯಾಂಪಲ್ಲೂ ಸಿಗುತ್ತದೆ. ಸೈಟಾಲಜಿಗಷ್ಟೇ (ಬಿಡಿ ಕೋಶಗಳ ಪರೀಕ್ಷೆ) ಕಳಿಸಿ ಸುಮ್ಮನಾಗಬೇಡಿ: ಸೆಲ್ ಬ್ಲಾಕ್ (ನೀರಿನ ಕೋಶಗಳನ್ನು ಒಟ್ಟುಮಾಡಿದ ಗಟ್ಟಿ) ಮಾಡಿಸಿ, ಒಂದು ಪಾಲನ್ನು ಫಾರ್ಮಲಿನ್ ಹಾಕದೆ ತಾಜಾ ಆಗಿಯೇ ಫ್ಲೋ ಸೈಟೋಮೆಟ್ರಿಗೆ (ಕೋಶದ ಮೇಲಿನ ಗುರುತುಗಳಿಂದ ಅದರ ಬಗೆ ಹೇಳುವ ಪರೀಕ್ಷೆ) ಕೊಡಿ. ಅದರಲ್ಲಿ ಸಿಗದಿದ್ದರೆ ಟಿಇಇ (ಅನ್ನನಾಳದೊಳಗಿಂದ ಮಾಡುವ ಎಕೋ) ನೋಡಿಕೊಂಡು ರಕ್ತನಾಳದ ಮೂಲಕ ಬಯಾಪ್ಸಿ. ತೆಳು ಗೋಡೆಯ ಕಡೆ ಚಿಮುಟ ಹಾಕಿದರೆ ತೂತು ಬೀಳುತ್ತದೆ, ಗಡ್ಡೆಯ ದಪ್ಪ ಭಾಗದಿಂದಲೇ ನಾಲ್ಕೈದು ತುಂಡು ತೆಗೆಯಿರಿ.

ಸ್ಕ್ಯಾನ್_ರೂಮ್:
ಪೆಟ್ ಸಿಟಿಗೆ (ಗ್ಲೂಕೋಸ್ ಹೀರುವ ಜಾಗ ಹೊಳೆದು ಕಾಣುವ ಸ್ಕ್ಯಾನ್) ಕಳಿಸುವ ಮುಂಚೆ ಊಟದ ವಿಷಯ ಬಿಡಿಸಿ ಹೇಳಿ. ಹಿಂದಿನ ದಿನ ಅನ್ನ, ಮುದ್ದೆ, ಇಡ್ಲಿ, ಹಣ್ಣು, ಸಕ್ಕರೆ ಕಾಫಿ ಯಾವುದೂ ಇಲ್ಲ. ಮೊಟ್ಟೆ, ಪನೀರ್, ತುಪ್ಪದಂಥದ್ದು ಮಾತ್ರ. ಆಮೇಲೆ 12 ಗಂಟೆಗೂ ಹೆಚ್ಚು ಉಪವಾಸ. "ಬರೀ ಹೊಟ್ಟೆಯಲ್ಲಿ ಬನ್ನಿ" ಅಂದಷ್ಟಕ್ಕೆ ಬಿಟ್ಟರೆ ಹೃದಯದ ಸ್ನಾಯುವೇ ಗ್ಲೂಕೋಸ್ ಹೀರಿ ಹೊಳೆಯುತ್ತದೆ, ಗಡ್ಡೆ ಅದರಲ್ಲಿ ಮುಚ್ಚಿಹೋಗುತ್ತದೆ. ಬೇರೆಡೆ ಲಿಂಫೋಮಾ ಇದೆಯೇ ಎಂಬುದೂ ಇದರಲ್ಲೇ ತಿಳಿಯುತ್ತದೆ.

ಹೆಮಟಾಲಜಿ_ವಾರ್ಡ್:
ಹೃದಯದಲ್ಲಿ ಸಿಗುವ ಲಿಂಫೋಮಾ ಬಹುಪಾಲು ಡಿಎಲ್‌ಬಿಸಿಎಲ್ (ಬಿ ಕೋಶಗಳಿಂದ ಹುಟ್ಟಿ ಬೇಗ ಬೆಳೆಯುವ ಬಗೆ). ಗಡ್ಡೆ ಪೂರ್ತಿ ಕತ್ತರಿಸುವುದರಿಂದ ಲಾಭವಿಲ್ಲ. ಮದ್ದು ಆರ್-ಚಾಪ್ (ರಿಟುಕ್ಸಿಮ್ಯಾಬ್, ಡಾಕ್ಸೊರುಬಿಸಿನ್, ಪ್ರೆಡ್ನಿಸೊಲೋನ್ ಮುಂತಾದವು ಸೇರಿದ ಕೀಮೋ), 21 ದಿನಕ್ಕೊಂದರಂತೆ ಸಾಮಾನ್ಯವಾಗಿ 6 ಸುತ್ತು. ರಿಟುಕ್ಸಿಮ್ಯಾಬ್‌ಗೆ ಮುಂಚೆ ಹೆಪಟೈಟಿಸ್ ಬಿ ಪರೀಕ್ಷೆ ಕಡ್ಡಾಯ, ಎಚ್‌ಬಿಎಸ್ ಆಂಟಿಜೆನ್ ಜೊತೆ ಆಂಟಿ-ಎಚ್‌ಬಿಸಿ ಕೂಡ.

ಭಯ ಮೊದಲ ಸುತ್ತಿನದ್ದು. ಗೋಡೆಯ ಆಳಕ್ಕೆ ಇಳಿದ ಗಡ್ಡೆ ಥಟ್ಟನೆ ಕರಗಿದರೆ ಗೋಡೆಯೇ ಒಡೆಯಬಹುದು. ಹಾಗಾಗಿ ಬಯಾಪ್ಸಿ ಕೈಸೇರಿದ ಮೇಲೆ ಕೆಲವು ದಿನ ಬರೀ ಪ್ರೆಡ್ನಿಸೊಲೋನ್ (ಸ್ಟೀರಾಯ್ಡ್), ನಂತರ ತಗ್ಗಿಸಿದ ಡೋಸಿನ ಕೀಮೋ, ಐಸಿಯು ಮಾನಿಟರ್ ಮೇಲೆ. ಟ್ಯೂಮರ್ ಲೈಸಿಸ್‌ಗೆ (ಗಡ್ಡೆಯ ಕೋಶಗಳು ಒಮ್ಮೆಲೇ ಸತ್ತು ಯೂರಿಕ್ ಆಮ್ಲದಂಥವು ರಕ್ತಕ್ಕೆ ಸುರಿಯುವುದು) ಅಲೋಪ್ಯೂರಿನಾಲ್ ಸರಿ, ಆದರೆ ಲೀಟರುಗಟ್ಟಲೆ ಸಲೈನ್ ಈ ಹೃದಯ ತಡೆಯದು. ಯೂರಿಕ್ ಆಮ್ಲ ಏರಿದ್ದರೆ ಅದನ್ನು ಒಡೆಯುವ ರಾಸ್‌ಬ್ಯೂರಿಕೇಸ್ ಮೇಲು. ಹೃದಯಕ್ಕೆ ಪೆಟ್ಟು ಕೊಡಬಲ್ಲ ಡಾಕ್ಸೊರುಬಿಸಿನ್ ಸುತ್ತಿಗೆ ದೇಹದ ಚದರ ಮೀಟರಿಗೆ 50 ಮಿ.ಗ್ರಾಂ., 6 ಸುತ್ತಿಗೆ 300. ಹೃದಯದ ಪಂಪಿಂಗ್ ಮೊದಲೇ ಕುಂದಿದ್ದರೆ ಅದರ ಬದಲು ಎಟೊಪೊಸೈಡ್ ಯೋಚಿಸಿ.

ಮೆಡಿಸಿನ್_ಪಿಜಿ:
ಎವಿ ಬ್ಲಾಕ್‌ಗೆ ಈಗಲೇ ಪರ್ಮನೆಂಟ್ ಪೇಸ್‌ಮೇಕರ್?

ಎಕೋ_ಕೋಣೆ:
ರೋಗಿ ತಡೆದುಕೊಂಡಿದ್ದರೆ ಕಾಯಿರಿ. ಗಡ್ಡೆ ಕರಗಿದಂತೆ ಬ್ಲಾಕ್ ಬಿಡುವುದುಂಟು. ನಾಡಿ ತೀರಾ ಇಳಿದರೆ ಟೆಂಪರರಿ ಹಾಕಿ, ಆದರೆ ವೈರ್ ಗಡ್ಡೆಯ ಪಕ್ಕದಲ್ಲೇ ಹಾಯಬೇಕು, ಚೂರು ಕಿತ್ತು ಶ್ವಾಸಕೋಶಕ್ಕೆ ಹೋದೀತು. ಟಿಇಇ ನೋಡುತ್ತಲೇ ದಾಟಿಸಿ. ಸಾಧ್ಯವಾದರೆ ಎಂಆರ್‌ಐ ಅದಕ್ಕೂ ಮುಂಚೆ ಮುಗಿಸಿಕೊಳ್ಳಿ.