ಪೈಪಿನ "ದಪ್ಪ" ಅಂದರೆ ಯಾವ ದಪ್ಪ?

ಹಳೇ ಎ.ಸಿ. ತೆಗೆದು ಹೊಸದು ಹಾಕಿಸಲು ಹೊರಟಾಗ ಈ ಪದದ ತಕರಾರು ಎದ್ದಿತು. ಗೋಡೆಯೊಳಗಿನ ತಾಮ್ರದ ಪೈಪನ್ನೇ ಉಳಿಸಿಕೊಳ್ಳಬಹುದಾ ಅಂತ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. "ದಪ್ಪ ಎಷ್ಟಿದೆ, ನೋಡಿ ಹೇಳಿ" ಅಂದರು. ಮೇಲಿನ ಫೋಮ್ ಸರಿಸಿ, ಸ್ಕೇಲ್ ಹಿಡಿದು ನೋಡಿ, "ಒಂದು ಅರ್ಧ ಇಂಚು, ಇನ್ನೊಂದು ಕಾಲು ಇಂಚು" ಎಂದೆ. "ಅದು ಸೈಜು ಸಾರ್. ನಾನು ಕೇಳಿದ್ದು ದಪ್ಪ!"

ತಪ್ಪು ನನ್ನದಾ, ಪದದ್ದಾ? ದಪ್ಪ ಕೋಲು ಅಂದಾಗ ಅದರ ಅಡ್ಡಳತೆ ಮನಸ್ಸಿಗೆ ಬರುತ್ತದೆ. ದಪ್ಪ ಬಟ್ಟೆ ಅಂದಾಗ ಬೇರೆಯದೇ ಅಳತೆ. ಪೈಪು ಕೋಲಿನ ಹಾಗೆ ದುಂಡಗೂ ಇದೆ, ಬಟ್ಟೆಯ ಹಾಗೆ ಅದಕ್ಕೊಂದು ಪದರವೂ ಇದೆ. ಹಾಗಾಗಿ ಎರಡೂ ಅರ್ಥ ಒಂದೇ ಕಡೆ ಬಂದು ಕೂತಿವೆ; ಮೆಕ್ಯಾನಿಕ್ ಕೇಳಿದ್ದು ಎರಡನೆಯದು, ತಾಮ್ರದ ಪದರದ ದಪ್ಪ. ವಿರುದ್ಧ ಪದ ಹಿಡಿದರೆ ಬಿಡಿಸಬಹುದು ಅಂದುಕೊಂಡೆ: ಕೋಲಾದರೆ ಸಣ್ಣ, ಬಟ್ಟೆಯಾದರೆ ತೆಳು. ಆದರೆ ಮನುಷ್ಯರನ್ನೂ ತೆಳ್ಳಗಿದ್ದಾರೆ ಅಂತೀವಲ್ಲ! ಅಲ್ಲಿಗೆ ಆ ದಾರಿಯೂ ಮುಚ್ಚಿತು.

ಮೆಕ್ಯಾನಿಕ್ ಬಂದು, ಪೈಪಿನ ತುದಿ ಕತ್ತರಿಸಿ, ಒಳಗೆ ಎದ್ದ ಚೂಪು ಕೆರೆದು, ಅಂಚಿಗೆ ಕ್ಯಾಲಿಪರ್ ಹಿಡಿದರು. 0.7 ಮಿ.ಮೀ. ಬಂತು. "ಗೇಜ್ ಕಮ್ಮಿ ಇದೆ" ಅಂದರು. ಇದು ಇನ್ನೊಂದು ತಮಾಷೆ. ಗೇಜ್ ಅಂದರೆ ತಗಡಿನ ದಪ್ಪ ಹೇಳುವ ನಂಬರು; ಅದು ಹೆಚ್ಚಾದಷ್ಟೂ ತಗಡು ತೆಳುವಾಗುತ್ತದೆ. 20 ಗೇಜ್ ಅಂದರೆ ಸುಮಾರು 0.91 ಮಿ.ಮೀ., 22 ಗೇಜ್ ಅಂದರೆ 0.71. ಅಂದರೆ ನನ್ನ ಪೈಪಿನ ಗೇಜ್ ನಂಬರು ಜಾಸ್ತಿ, ಮಾತಿನಲ್ಲಿ ಕಮ್ಮಿ! ಅಷ್ಟರಲ್ಲೇ ಅವರು "ಗೇಜ್ ಹಾಕಿ ನೋಡ್ತೀನಿ" ಅಂತ ಒತ್ತಡ ಅಳೆಯುವ ಮೀಟರನ್ನೂ ಹೊರಗೆ ತೆಗೆದರು. ನಾನು ಸುಮ್ನೆ ನಿಂತೆ.

ದಪ್ಪದಲ್ಲಿ ಈ ಒಂದು ಚೂರು ಯಾಕೆ ಮುಖ್ಯ ಅಂದರೆ, ಹಳೇ ಯಂತ್ರದಲ್ಲಿದ್ದದ್ದು ತಂಪು ಮಾಡುವ ಆರ್-22 ಗ್ಯಾಸು, ಹೊಸದರಲ್ಲಿ ಆರ್-32. ಅದೇ ಬಿಸಿಗೆ ಹೊಸದರ ಒತ್ತಡ ಸುಮಾರು 1.6 ಪಟ್ಟು. ಇಂಥ ಪೈಪಿಗೆ ಕೈಪಿಡಿಗಳು ಸಾಮಾನ್ಯವಾಗಿ 0.8 ಮಿ.ಮೀ. ಕೇಳುತ್ತವೆ. ಒಳಗೆ ಹಳೇ ಎಣ್ಣೆ ಉಳಿದಿದ್ದರೆ ಹೊಸ ಗ್ಯಾಸಿನೊಂದಿಗೆ ಸರಿಯಾಗಿ ಬೆರೆಯುವುದಿಲ್ಲ, ಅದನ್ನೂ ತೊಳೆಯಬೇಕು. ಸೈಜು ಹೊಂದಿದರೂ ನನ್ನ ಪೈಪು ನಪಾಸು. ಅಂದಹಾಗೆ, ತುದಿಯನ್ನು 45 ಡಿಗ್ರಿಗೆ ಫ್ಲೇರ್ ಮಾಡುವುದನ್ನು ನಾನು "ಬಾಯಿ ಅರಳಿಸೋದು" ಎಂದೆ. ಆತ ನಕ್ಕರು, ಆಮೇಲೆ ತಾವೇ ಎರಡು ಸಲ ಹಾಗೆ ಅಂದರು.

ಈಗ ನನ್ನ ಪ್ರಶ್ನೆ. ಅಡ್ಡಳತೆಗೆ "ಸೈಜು" ಸಾಕು, ಎಲ್ಲರಿಗೂ ತಿಳಿಯುತ್ತದೆ. ಪೈಪಿನ ಗೋಡೆಯ ದಪ್ಪಕ್ಕೆ ಮಾತ್ರ ಒಂದು ಪದ ಬೇಕು. "ಮಂದ" ಹೇಗೆ? ಮಂದ ಹಲಗೆ, ಮಂದ ಕಂಬಳಿ ಅಂತೀವಿ, ಮಂದ ಮನುಷ್ಯ ಅಂದರೆ ದಪ್ಪಗಿರುವವನು ಅಂತ ಯಾರೂ ತಿಳಿಯೋದಿಲ್ಲ, ಅಲ್ವಾ? ಮಂದ ಬೆಳಕಿನ ಮಂದ ಬೇರೆ ಇದೆ, ನಿಜ. ಆದರೆ ಪೈಪಿನ ವಿಷಯದಲ್ಲಿ ಅದು ಗೊಂದಲ ಮಾಡಲಾರದು. "ಪೈಪಿನ ಮಂದ ಎಷ್ಟು?" ಅಂತ ಯಾರಾದರೂ ಕೇಳಿದರೆ ನೀವು ಸ್ಕೇಲ್ ಎಲ್ಲಿಗೆ ಹಿಡಿಯುತ್ತೀರಿ?