ಸಣ್ಣ ಸಣ್ಣದಕ್ಕೂ ಕರೀತಾನ, ತಾನೇ ಬಗಿಹರಿಸ್ಕೊಳ್ಳೋದು ಹ್ಯಾಂಗ ಕಲಿಸಬೇಕ್ರಿ?

ಬ್ರಹ್ಮಪುರ ಅವ್ವ, ಕಲಬುರಗಿ
ಮಗಗ ಒಂಬತ್ತು ವರ್ಷ. ಸೈಕಲ್ ಚೈನ್ ಬಿದ್ರೂ, ಕಂಪಾಸ್ ಬಾಕ್ಸ್ ಸಿಗದಿದ್ರೂ, ಅಂಗಡ್ಯಾಗ ಚಿಲ್ಲರೆ ಕಮ್ಮಿ ಕೊಟ್ರೂ "ಅವ್ವಾ" ಅಂತಾನ. ಬಿಟ್ಟುಬಿಟ್ರ ಅಳ್ತಾನ, ಮಾಡಿಕೊಟ್ರ ಕಲಿಯಂಗಿಲ್ಲ. ಎಲ್ಲಿಂದ ಶುರು ಮಾಡಲಿ?

ಬೀದರ ಮಾಸ್ತರ
ಅಕ್ಕಾರ, ಅಂವ ಕರದಾಗ "ಏನಾಗ್ಯದ? ನೀ ಏನ್ ಮಾಡಿ ನೋಡಿದಿ?" ಅಂತ ಕೇಳ್ರಿ. ಕೇಳಿದ ಮ್ಯಾಲ ಸುಮ್ಮನಿರ್ರಿ, ಇದೇ ಕಷ್ಟದ ಕೆಲಸ. 1970ರ ದಶಕದಾಗ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತರಗತಿಗಳನ್ನ ಗಮನಿಸಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು 1 ಸೆಕೆಂಡ್ ಅಷ್ಟೇ ಕಾಯ್ತಿದ್ರು. ಅದನ್ನ 3 ಸೆಕೆಂಡಿಗೆ ಏರಿಸಿದ್ರ ಮಕ್ಕಳ ಉತ್ತರ ಉದ್ದ ಆದ್ವು, ಉತ್ತರಾನೇ ಇಲ್ಲದ್ದು ಕಮ್ಮಿ ಆಯ್ತು. ಕೈಕೆಲಸಕ್ಕ ಇನ್ನೂ ಹೆಚ್ಚು ಬೇಕು, ಮನಸ್ಸಿನ್ಯಾಗ ಇಪ್ಪತ್ತು ಎಣಿಸ್ರಿ.

ಆಗಲೂ ಹೊಳಿಲಿಲ್ಲಂದ್ರ ಒಂದು ಸುಳಿವು ಕೊಡ್ರಿ. ಆಮ್ಯಾಲ ಬೆರಳು ಮಾಡಿ ತೋರಸ್ರಿ. ಅದೂ ಸಾಲದಿದ್ರ ಮೊದಲ ಹೆಜ್ಜಿ ಅಷ್ಟೇ ನೀವು ಮಾಡ್ರಿ, ಕಡೀ ಹೆಜ್ಜಿ ಅವನೇ ಮಾಡಬೇಕು. ಮರುದಿನ ಒಂದು ಸುಳಿವು ಕಮ್ಮಿ. ಶಾಲಿಗೆ ಹೊತ್ತಾದಾಗ ಮಾತ್ರ ಇದನ್ನ ಹಚ್ಚಬ್ಯಾಡ್ರಿ, ಇಬ್ರಿಗೂ ಸಿಟ್ಟು ಬರ್ತದ.

ಶಹಾಪುರ ಸೈಕಲ್
ಚೈನ್ ಒಳ್ಳೇ ಶುರುವಾತು, ಸರಿ ಆಯ್ತೋ ಇಲ್ಲೋ ಅಂತ ಕೈಗೇ ತಿಳೀತದ. ಸ್ಟ್ಯಾಂಡ್ ಹಾಕಿ, ಹಳೇ ಅರಬಿ ತುಂಡಿನಿಂದ ಚೈನ್ ಹಿಡಿಬೇಕು. ಮೊದಲ ಹಿಂದಿನ ಸಣ್ಣ ಚಕ್ರದ ಹಲ್ಲಿಗೆ ಕೂಡಿಸಿ, ಮುಂದಿನ ದೊಡ್ಡ ಚಕ್ರದ ಕೆಳಗಿನ ನಾಕೈದು ಹಲ್ಲಿಗೆ ಸಿಗಿಸಿ, ಪೆಡಲ್ ನಿಧಾನ ಹಿಂದಕ್ಕ ತಿರುಗಿಸಿದ್ರ ತಾನಾಗಿ ಏರ್ತದ. ತಿರುಗಿಸುವಾಗ ಹಲ್ಲಿಗೂ ಚೈನಿಗೂ ನಡುವ ಬೆರಳು ಇರಬಾರದು, ಇದನ್ನ ಮೊದಲೇ ಹೇಳ್ರಿ.

ಹಾಕಿದ ದಿನಾನೇ ಹೊಳ್ಳಿ ಬಿದ್ರ ಹುಡುಗನ ತಪ್ಪಲ್ಲ, ಚೈನ್ ಸಡಿಲ ಆಗ್ಯದ. ನಡುವ ಒತ್ತಿದ್ರ ಒಂದೂವರೆ ಸೆಂಟಿಮೀಟರಿಗಿಂತ ಹೆಚ್ಚು ಜಗ್ಗಿದ್ರ, ಹಿಂದಿನ ಚಕ್ರದ ಎರಡೂ ನಟ್ ಸಡಿಲ ಮಾಡಿ ಚಕ್ರ ಹಿಂದಕ್ಕ ಸಮ ಎಳೆದು ಬಿಗಿಬೇಕು. ಆ ಕೆಲಸ ದೊಡ್ಡವರದು, ಅಂವ ನಿಂತು ನೋಡಲಿ.

ಯಾದಗಿರಿ ಅತ್ತಿ
ಚಿಲ್ಲರೆ ಬಗ್ಗೆ: ಬರೇ ರೊಕ್ಕ ಕೊಟ್ಟು ಕಳಸಬ್ಯಾಡ್ರಿ. "50 ಕೊಟ್ಟಿ, ಸಾಮಾನು 32, ಎಷ್ಟು ಹೊಳ್ಳಿ ಬರಬೇಕು?" ಅಂತ ಮನ್ಯಾಗೇ ಕೇಳ್ರಿ. ಅಂಗಡಿ ಮುಂದೇ ನಿಂತು ಎಣಿಸಬೇಕು. ಕಮ್ಮಿ ಬಂದ್ರ ಏನನ್ನಬೇಕು ಅನ್ನೋ ಮಾತೂ ಬಾಯಿಗೆ ಹಾಕ್ರಿ: "ಕಾಕಾ, 18 ಬರಬೇಕಿತ್ತು, ಒಮ್ಮಿ ನೋಡ್ರಿ." ಮಕ್ಕಳು ಸೋಲೋದು ಲೆಕ್ಕದಾಗಲ್ಲ, ದೊಡ್ಡವರಿಗೆ ಹ್ಯಾಂಗ ಹೇಳಬೇಕು ಅನ್ನೋದ್ರಾಗ.

ನಳ ಬಂದಾಗ ಬಕೀಟ ಹಚ್ಚಲಿ, ಆದ್ರ ಮೋಟಾರಿನ ಸ್ವಿಚ್ ಮುಟ್ಟೋದು ಬ್ಯಾಡ. ಬ್ಯಾಸಗ್ಯಾಗ ಮಧ್ಯಾಹ್ನ ಹನ್ನೆರಡರಿಂದ ನಾಕರ ತನಕ ಅಂಗಡಿಗೂ ಬ್ಯಾಡ.